3 ಸೆಂಟಿಮೀಟರಿನ ಕಪ್ಪೆ, 25 ಮೆಗಾವ್ಯಾಟಿನ ಕಿಂಡಿ

ಪರೇಲಿನಲ್ಲಿ ಜುಲೈ ಬಂತೆಂದರೆ ಹಿಂದ್‌ಮಾತಾ ಸುತ್ತ ಮೊಣಕಾಲುದ್ದ ನೀರು. ಹಳೆಯ ಗಿರಣಿಯ ಜಾಗದಲ್ಲಿ ಎದ್ದ ಕಟ್ಟಡದಲ್ಲಿ ನನ್ನ ಆಫೀಸು. ಲೋಕಲ್ ನಿಂತು, ಮನೆಗೆ ಹೋಗಲಾರದೆ ಕ್ಯಾಂಟೀನಿನಲ್ಲಿ ಕೂತಿದ್ದ ಒಂದು ಸಂಜೆ ಕೊಡಗಿನ ಬ್ರಹ್ಮಗಿರಿಯ ತೊರೆಗಪ್ಪೆಯ ಮಾತೆತ್ತಿದೆ. ಪುತ್ತೂರು ಕಡೆಯ ಗೆಳೆಯ ನಕ್ಕುಬಿಟ್ಟ. "ಎಂಥದು ಮಾರಾಯ, ಒಂದು ಕಪ್ಪೆಗೆ ಇಷ್ಟು ಗಲಾಟೆಯಾ? ಊರಿಗೆ ಕರೆಂಟು ಬೇಡ್ವಾ, ನೀರು ಬೇಡ್ವಾ?"

ಅಂದು ಸುಮ್ಮನಿದ್ದೆ. ಉತ್ತರ ಇಲ್ಲಿದೆ.

ಮೊದಲು ಕಪ್ಪೆಯ ಪರಿಚಯ. ವಿಜ್ಞಾನಿಗಳ ಬಾಯಲ್ಲಿ ಅದು ಘಾಟೋಫ್ರೈನ್ ಆರ್ನೇಟಾ. ನೆಲಗಪ್ಪೆಗಳ ಸಂಬಂಧಿ, ಆದರೆ ಸಂಸಾರವೆಲ್ಲ ಕಾಡಿನ ತೊರೆಯ ಪಕ್ಕದಲ್ಲಿ. ಉದ್ದ 3 ಸೆಂಟಿಮೀಟರಿನ ಆಸುಪಾಸು, ಮೈ ಕಪ್ಪು, ಹೊಟ್ಟೆಯ ಮೇಲೆ ಬಣ್ಣದ ಚುಕ್ಕೆ. ಲಂಡನ್ನಿನ ಆಲ್ಬರ್ಟ್ ಗುಂಥರ್ ಬ್ರಹ್ಮಗಿರಿಯ ಮಾದರಿ ನೋಡಿ 1876ರಲ್ಲಿ 'ಅಲಂಕೃತ' ಎಂಬರ್ಥದ ಈ ಹೆಸರಿಟ್ಟ. ಪಶ್ಚಿಮ ಘಟ್ಟದ ಕೆಲವೇ ತೊರೆಗಳನ್ನು ಬಿಟ್ಟರೆ ಜಗತ್ತಿನಲ್ಲಿ ಇದಕ್ಕೆ ಬೇರೆ ವಿಳಾಸವಿಲ್ಲ. ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಅಳಿವಿನ ಅಪಾಯದಲ್ಲಿರುವ ಜೀವಿ.

ಬ್ರಹ್ಮಗಿರಿ 1974ರಿಂದ ಅಭಯಾರಣ್ಯ, 2012ರಿಂದ ಯುನೆಸ್ಕೋದ ವಿಶ್ವ ಪರಂಪರೆಯ ತಾಣ. ಹಾಗಾದರೆ ಚಿಂತೆ ಯಾಕೆ? ಅಭಯಾರಣ್ಯಕ್ಕೆ ಗಡಿ ಇದೆ, ತೊರೆಗಿಲ್ಲ. ಅದು ಕೆಳಗಿಳಿದು ಕಾಫಿ ತೋಟಗಳನ್ನು ಹಾದೇ ಹೋಗಬೇಕು. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟರೆ ಬೆಳೆಗಾರ ಹಳ್ಳಕ್ಕೆ ಪಂಪು ಇಟ್ಟು ಸ್ಪ್ರಿಂಕ್ಲರ್ ಬಿಡುತ್ತಾನೆ. ಅದೇ ಹೊತ್ತಿಗೆ ಹಳ್ಳವೂ ಬತ್ತುತ್ತಿರುತ್ತದೆ. ತೋಟಕ್ಕೆ ಹೊಡೆದ ಔಷಧಿ ಮಳೆಯಲ್ಲಿ ತೊಳೆದು ಅಲ್ಲಿಗೇ ಬರುತ್ತದೆ. ಕಪ್ಪೆ ತೆಳುಚರ್ಮದ ಪ್ರಾಣಿ, ನೀರನ್ನು ಚರ್ಮದಿಂದಲೇ ಹೀರುತ್ತದೆ. ಇಲ್ಲಿ ಯಾವ ಒಬ್ಬನೂ ಅಪರಾಧಿಯಲ್ಲ, ಯಾಕೆಂದರೆ ಪ್ರತಿಯೊಬ್ಬನ ಪಾಲೂ ಸಣ್ಣದು.

ಈ 'ಸಣ್ಣದು' ಎಂಬ ಮಾತಿನ ಮೇಲೆಯೇ ನನ್ನ ಜಗಳ. ಅದರ ಮರ್ಮ ನನಗೆ ಚೆನ್ನಾಗಿ ಗೊತ್ತು. ಹಿಂದೆ ಕೆಲಸ ಮಾಡಿದ ಒಂದು ಕಂಪನಿಯಲ್ಲಿ ಇಂತಿಷ್ಟು ಮೊತ್ತ ದಾಟಿದರೆ ಮೇಲಿನವರ ಸಹಿ ಬೇಕಿತ್ತು. ನಾನು ಒಂದು ಖರೀದಿಯನ್ನು ಮೂರು ತುಂಡು ಮಾಡಿದೆ. ಯಾರ ಸಹಿಯೂ ಬೇಕಾಗಲಿಲ್ಲ. ನಿಯಮ ಮುರಿಯಲಿಲ್ಲ, ನಿಯಮದ ಉದ್ದೇಶವನ್ನು ಮಾತ್ರ ಮಣ್ಣುಪಾಲು ಮಾಡಿದೆ.

ನಮ್ಮ ಪರಿಸರ ಕಾನೂನಿನಲ್ಲೂ ಇಂಥದೇ ಕಿಂಡಿ ಇದೆ. ಕೇಂದ್ರದ 2006ರ ಅಧಿಸೂಚನೆಯ ಪ್ರಕಾರ 25 ಮೆಗಾವ್ಯಾಟಿಗಿಂತ ಕಡಿಮೆಯ ಜಲವಿದ್ಯುತ್ ಯೋಜನೆಗೆ ಪರಿಸರ ಅನುಮತಿ ಬೇಕಿಲ್ಲ. ಒಂದೇ ಹೊಳೆಗೆ ಇಂಥವು ಎಷ್ಟು ಬಂದರೂ ಲೆಕ್ಕ ಬಿಡಿಬಿಡಿಯಾಗಿಯೇ. "ನೀರು ಖರ್ಚಾಗುವುದಿಲ್ಲ, ಟರ್ಬೈನು ತಿರುಗಿಸಿ ವಾಪಸು ಬಿಡುತ್ತೇವೆ" ಎನ್ನುತ್ತಾರೆ. ನಿಜ. ಆದರೆ ನೀರು ಪೈಪಿಗೆ ಹೋಗುವ ಜಾಗಕ್ಕೂ ಹೊರಬರುವ ಜಾಗಕ್ಕೂ ನಡುವೆ ಬರೀ ಬಂಡೆ ಉಳಿಯುತ್ತದೆ. ಹರಿವ ನೀರಿನಲ್ಲೇ ಗೊದಮೊಟ್ಟೆ ಬೆಳೆಸುವ ಜೀವಿಗೆ ಆ ನಡುವೆಯೇ ಇಡೀ ದೇಶ.

ಕುಡಿಯುವ ನೀರಿನ ಯೋಜನೆಗೂ ಇದೇ ವಿನಾಯಿತಿ. ಸಕಲೇಶಪುರದ ತೊರೆಗಳಿಂದ 24 ಟಿಎಂಸಿ ನೀರೆತ್ತುವ ಎತ್ತಿನಹೊಳೆ ಯೋಜನೆ ನಡೆದದ್ದು ಆ ಹೆಸರಿನಲ್ಲೇ. 2024ರ ಸೆಪ್ಟೆಂಬರಿನಲ್ಲಿ ಅದರ ಮೊದಲ ಹಂತ ಉದ್ಘಾಟನೆಯೂ ಆಯಿತು. ನಾನು ಹೇಳುವ ಕಪ್ಪೆ ಅಲ್ಲಿನದಲ್ಲ, ಒಪ್ಪುತ್ತೇನೆ. ಆದರೆ ತೊರೆಗೆ ಏನು ಬೆಲೆ ಎಂಬ ಪ್ರಶ್ನೆ ಎರಡೂ ಕಡೆ ಒಂದೇ.

ಗೆಳೆಯನ ಮಾತನ್ನು ತಳ್ಳಿಹಾಕುವುದಿಲ್ಲ. ಕೋಲಾರದವರಿಗೆ ನೀರು ಬೇಕು. ಬೆಳೆಗಾರನಿಗೆ ಹೂ ಕಟ್ಟಬೇಕು. ನನ್ನ ನಲ್ಲಿಗೆ ಬರುವುದೂ ತಾನ್ಸಾ, ವೈತರಣಾ, ಭಾತ್ಸಾ ಕಣಿವೆಗಳ ನೀರೇ. ಹೀಗಿರುವಾಗ ಮುಂಬಯಿಯಲ್ಲಿ ಕೂತು ಮಡಿವಂತಿಕೆ ಮಾಡಲಾರೆ. ಕೇಳುವುದು ಇಷ್ಟೇ. ಯೋಜನೆಯ ಗಾತ್ರ ಅಳೆಯುವುದು ಸಾಕು, ತೊರೆಯನ್ನು ಅಳೆಯಿರಿ. ಒಂದು ಹಳ್ಳದ ಮೇಲಿರುವ ಪಂಪು, ಕಟ್ಟೆ, ಪೈಪು, ರೆಸಾರ್ಟು ಎಲ್ಲವನ್ನೂ ಒಂದೇ ಲೆಕ್ಕದಲ್ಲಿ ಕೂಡಿಸಿ, ಬೇಸಿಗೆಯಲ್ಲಿ ಇಷ್ಟು ನೀರು ಹರಿಯಲೇಬೇಕೆಂದು ಕಾನೂನು ಮಾಡಿ. ಬೆಳೆಗಾರನನ್ನು ಬೈಯುವ ಬದಲು ಮಳೆಗಾಲದ ನೀರು ಹಿಡಿಯುವ ಕೆರೆಗೆ ಸಹಾಯಧನ ಕೊಡಿ. 25 ಮೆಗಾವ್ಯಾಟಿನ ಕಿಂಡಿ ಮುಚ್ಚಿ.

ಹನಿ ಹನಿ ಕೂಡಿದರೆ ಹಳ್ಳ ಎಂದು ನಮ್ಮ ಹಿರಿಯರು ಹೇಳಿಕೊಟ್ಟರು. ಹನಿ ಹನಿ ತೆಗೆದರೆ ಏನಾಗುತ್ತದೆ ಎಂದು ಹೇಳುವ ಅಗತ್ಯ ಅವರಿಗೆ ಕಂಡಿರಲಿಲ್ಲ. ಕಪ್ಪೆಗೆ ಅದು ಈಗಲೇ ಗೊತ್ತಾಗುತ್ತಿದೆ ಮಾರಾಯ. ನಮ್ಮ ನಲ್ಲಿಗೂ ಒಂದು ದಿನ ಗೊತ್ತಾಗುತ್ತದೆ.