ಕರಡಿ ಬೇಟೆಯಲ್ಲಿ ಗುಂಡಿಗಿಂತ ಲೆಕ್ಕ ದೊಡ್ಡದು

ಅಮೆರಿಕದ ಬೆಟ್ಟಗಳಲ್ಲಿ ಇಬ್ಬರು ಗೆಳೆಯರು ಸೇರಿ ಕಪ್ಪು ಕರಡಿ ಹೊಡೆದ ವಿಡಿಯೋಗಳು ಈಗ ನಮ್ಮ ಊರುಗಳ ಮೊಬೈಲಿಗೂ ಬರುತ್ತವೆ. ಅದನ್ನು ನೋಡಿದವರು ಎರಡು ಥರ ಮಾತಾಡುತ್ತಾರೆ. ಒಬ್ಬರು, "ಎಂಥಾ ಪಾಪಿಗಳಪ್ಪಾ ಇವರು" ಅನ್ನುತ್ತಾರೆ. ಇನ್ನೊಬ್ಬರು, "ಅಲ್ಲಿ ಸರ್ಕಾರವೇ ಹೊಡೀರಿ ಅನ್ನುತ್ತೆ. ಇಲ್ಲಿ ನಮ್ಮ ಶೇಂಗಾ ತಿಂದರೂ, ನಮ್ಮವರ ಮುಖ ಪರಚಿದರೂ ಕೈ ಕಟ್ಟಿ ಕೂರಬೇಕು. ನಮಗೂ ಬಿಡಲಿ" ಅನ್ನುತ್ತಾರೆ.

ಎರಡನೇ ಮಾತು ಬಳ್ಳಾರಿ, ವಿಜಯನಗರ, ಕೊಪ್ಪಳ, ತುಮಕೂರು ಕಡೆಯ ಗುಡ್ಡದಂಚಿನ ಊರುಗಳಲ್ಲಿ ಹೆಚ್ಚು ಕೇಳುತ್ತದೆ. ಅದರ ಹಿಂದಿನ ಸಿಟ್ಟು ಸುಳ್ಳಲ್ಲ. ಹಾಗಾಗಿ ಆ ಮಾತನ್ನು ತಳ್ಳಿಹಾಕುವ ಬದಲು, ಅಲ್ಲಿ ನಿಜಕ್ಕೂ ಏನು ನಡೆಯುತ್ತದೆ ಎಂದು ಮೊದಲು ನೋಡೋಣ.

ಕೊಲೊರಾಡೊ ರಾಜ್ಯವನ್ನೇ ತೆಗೆದುಕೊಳ್ಳಿ. ರಾಕಿ ಪರ್ವತಗಳ ನಾಡು. ಅಲ್ಲಿನ ವನ್ಯಜೀವಿ ಇಲಾಖೆಯ ಅಂದಾಜಿನ ಪ್ರಕಾರ ಕಪ್ಪು ಕರಡಿಗಳು 17 ಸಾವಿರದಿಂದ 20 ಸಾವಿರ. ಹೆಸರು ಕಪ್ಪು ಕರಡಿ, ಆದರೆ ಅಲ್ಲಿ ಕಂದು ಬಣ್ಣದವೂ ಬಹಳ. ಚಳಿಗಾಲದಲ್ಲಿ ಅವು ಗುಹೆ ಸೇರಿ ಮಲಗಿಬಿಡುತ್ತವೆ. ಅದಕ್ಕೂ ಮುಂಚೆ ಹಣ್ಣು, ಓಕ್ ಕಾಯಿ ತಿಂದು ಕೊಬ್ಬು ಕೂಡಿಸಿಕೊಳ್ಳಬೇಕು. ಆಗ ಅವುಗಳಿಗೆ ಹಗಲೂ ರಾತ್ರಿ ಮೇಯುವುದೇ ಕೆಲಸ. ಸೆಪ್ಟೆಂಬರ್ ಹೊತ್ತಿಗೆ ಬೇಟೆಗಾರರು ಬೆಟ್ಟ ಹತ್ತುವುದು ಇದೇ ಕಾರಣಕ್ಕೆ.

ಮನಸ್ಸು ಬಂದಾಗ ಬಂದೂಕು ಹೆಗಲಿಗೇರಿಸಿ ಹೊರಡುವಂತಿಲ್ಲ. 1949ರ ಜನವರಿ 1ರಂದು ಅಥವಾ ಅದರ ನಂತರ ಹುಟ್ಟಿದವರು ಬೇಟೆ ಶಿಕ್ಷಣದ ಕೋರ್ಸ್ ಪಾಸಾಗಿರಬೇಕು. ಪರವಾನಗಿ ಕೊಳ್ಳಬೇಕು. ಹಲವು ಕಡೆ ಪರವಾನಗಿಗಳ ಸಂಖ್ಯೆಗೆ ಮಿತಿ ಇದೆ, ಅರ್ಜಿ ಹಾಕಿ ಚೀಟಿ ಎತ್ತಿದಾಗ ಹೆಸರು ಬರಬೇಕು. ಒಂದು ಪರವಾನಗಿಗೆ ಒಂದೇ ಕರಡಿ. ಬಂದೂಕಿನ ಬೇಟೆಯಾದರೆ ದೂರದಿಂದಲೇ ಕಣ್ಣಿಗೆ ಹೊಡೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಬಟ್ಟೆ ತೊಡಬೇಕು. ಇಲ್ಲವಾದರೆ ಇನ್ನೊಬ್ಬನ ಗುಂಡಿಗೆ ನಾವೇ ಬಲಿಯಾಗಬಹುದು. ಮರಿಯನ್ನು ಹೊಡೆಯುವಂತಿಲ್ಲ. ಮರಿ ಜೊತೆಗಿರುವ ಕರಡಿಯನ್ನೂ ಹೊಡೆಯುವಂತಿಲ್ಲ.

ಗೆಳೆಯನ ಕೆಲಸ ಇರುವುದು ಇಲ್ಲೇ. ಕಣಿವೆಯಾಚೆ ಒಂದು ಕರಡಿ ಕಂಡಿತು ಅನ್ನಿ. ಒಬ್ಬನ ಕಣ್ಣು ಬಂದೂಕಿನ ಮೇಲಿರುತ್ತದೆ. ಇನ್ನೊಬ್ಬನ ಕಣ್ಣು ದುರ್ಬೀನಿನಲ್ಲಿ. ಅವನು ಸುತ್ತಲ ಪೊದೆ ನೋಡುತ್ತಾನೆ. ಹಿಂದೆ ಮರಿ ಬರುತ್ತಿದೆಯಾ? ಮರದ ಮೇಲೆ ಏನಾದರೂ ಇದೆಯಾ? ಗುಂಡು ತಪ್ಪಿದರೆ ಎಲ್ಲಿಗೆ ಹೋಗುತ್ತದೆ? ಬಿದ್ದ ಕರಡಿಯನ್ನು ಆ ಇಳಿಜಾರಿನಿಂದ ಕತ್ತಲಾಗುವ ಮುಂಚೆ ತರಲು ಆಗುತ್ತದಾ? ಒಂದಕ್ಕೆ ಉತ್ತರ ಸರಿಬರದಿದ್ದರೂ ಅವನು ಹೇಳಬೇಕಾದ ಮಾತು ಒಂದೇ: "ಬೇಡ."

ಜೊತೆಗೆ ಹೋದವನ ದೊಡ್ಡ ಕೆಲಸ ಇದು ಎಂದು ನಾವು ತಿಳಿಯುತ್ತೇವೆ. ಗುಂಡು ಹಾರಿಸಲು ಒಬ್ಬ ಸಾಕು. ಆಸೆ ನೆತ್ತಿಗೇರಿದ ಹೊತ್ತಿನಲ್ಲಿ ತಡೆಯಲು ಇನ್ನೊಬ್ಬ ಬೇಕು.

ಗುಂಡು ತಗುಲಿ ಕರಡಿ ಬಿದ್ದ ಮೇಲೆ ನಿಜವಾದ ದುಡಿಮೆ ಶುರು. ಗಂಡು ಕರಡಿ ಎಷ್ಟೋ ಸಲ ಒಂದು ಕ್ವಿಂಟಲ್ ದಾಟುತ್ತದೆ. ಅಲ್ಲಿಗೆ ಟ್ರ್ಯಾಕ್ಟರ್ ಬರುವುದಿಲ್ಲ. ಇಬ್ಬರೂ ಸೇರಿ ಚರ್ಮ ಸುಲಿದು, ಮಾಂಸ ಬಿಡಿಸಿ, ಬೆನ್ನಿಗೆ ಕಟ್ಟಿಕೊಂಡು ಎರಡು ಮೂರು ಸಲ ಬೆಟ್ಟ ಹತ್ತಿ ಇಳಿಯಬೇಕಾಗಬಹುದು. ಚರ್ಮವನ್ನಷ್ಟೇ ತೆಗೆದುಕೊಂಡು ಮಾಂಸ ಬಿಟ್ಟು ಬರುವಂತಿಲ್ಲ, ಕೊಲೊರಾಡೊದಲ್ಲಿ ಅದು ಅಪರಾಧ. ಆ ಮಾಂಸವನ್ನು ಮಾರುವಂತೆಯೂ ಇಲ್ಲ. ಮನೆಯವರು, ನೆಂಟರು, ಗೆಳೆಯರು ಹಂಚಿಕೊಂಡು ತಿನ್ನಬೇಕು. ಅದನ್ನೂ ಚೆನ್ನಾಗಿ ಬೇಯಿಸಿಯೇ ತಿನ್ನಬೇಕು, ಯಾಕೆಂದರೆ ಕರಡಿ ಮಾಂಸದಲ್ಲಿ ಟ್ರೈಕಿನೆಲ್ಲಾ ಎಂಬ ಸಣ್ಣ ಹುಳ ಇರಬಹುದು. ಫ್ರೀಜರಿನಲ್ಲಿಟ್ಟರೆ ಅದು ಸಾಯುತ್ತದೆ ಎಂದು ನಂಬುವಂತಿಲ್ಲ.

ಅಲ್ಲಿಗೂ ಕೆಲಸ ಮುಗಿಯಲಿಲ್ಲ. ಕೆಲವೇ ದಿನಗಳೊಳಗೆ ಕರಡಿಯ ತಲೆ ಮತ್ತು ಚರ್ಮವನ್ನು ಇಲಾಖೆಯವರ ಮುಂದೆ ಹಾಜರುಪಡಿಸಬೇಕು. ಅವರು ಗಂಡೋ ಹೆಣ್ಣೋ ಎಂದು ಬರೆದುಕೊಳ್ಳುತ್ತಾರೆ. ವಯಸ್ಸು ತಿಳಿಯಲು ದವಡೆಯಿಂದ ಒಂದು ಸಣ್ಣ ಹಲ್ಲು ಕೀಳುತ್ತಾರೆ. ಮರದ ಕಾಂಡದಲ್ಲಿ ವರ್ಷಕ್ಕೊಂದು ಉಂಗುರ ಇರುವಂತೆ ಕರಡಿಯ ಹಲ್ಲಿನಲ್ಲೂ ಗೆರೆ ಇರುತ್ತದೆ. ಅದನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕರಡಿಯ ವಯಸ್ಸು ಗೊತ್ತಾಗುತ್ತದೆ. ಎಷ್ಟು ಹೆಣ್ಣು ಸತ್ತವು, ಯಾವ ವಯಸ್ಸಿನವು ಸತ್ತವು ಎಂಬುದನ್ನು ನೋಡಿಯೇ ಮುಂದೆ ಎಷ್ಟು ಪರವಾನಗಿ ಕೊಡಬಹುದು ಎಂದು ತೀರ್ಮಾನಿಸುತ್ತಾರೆ.

ದುಡ್ಡಿಗೂ ಲೆಕ್ಕ ಇದೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಿಂದ ಉದ್ದ ಬಂದೂಕು ಮತ್ತು ಗುಂಡುಗಳ ಮೇಲೆ ಶೇ. 11ರಷ್ಟು ತೆರಿಗೆ ಇದೆ. ಆ ಹಣ ವನ್ಯಜೀವಿ ಕೆಲಸಕ್ಕೆಂದು ರಾಜ್ಯಗಳಿಗೆ ಹೋಗುತ್ತದೆ. ಕೊಲೊರಾಡೊದಲ್ಲಿ ಕರಡಿ ಯಾರದೋ ಕುರಿ ಕೊಂದರೆ, ಜೇನುಪೆಟ್ಟಿಗೆ ಒಡೆದರೆ, ಪರಿಹಾರ ಕೊಡಲು ಇಲಾಖೆಯಲ್ಲೇ ವ್ಯವಸ್ಥೆ ಇದೆ. ಬೇಟೆಗಾರ ಕೊಟ್ಟ ದುಡ್ಡು ಸುತ್ತಿ ಬಂದು ಕುರಿಗಾಹಿಯ ಕೈಗೂ ತಲುಪುತ್ತದೆ.

ವಿಡಿಯೋದಲ್ಲಿ ನಮಗೆ ಕಾಣುವುದು ಗುಂಡಿನ ಒಂದು ಕ್ಷಣ. ಅದರ ಹಿಂದೆ ಮುಂದೆ ಇರುವ ಪರೀಕ್ಷೆ, ಚೀಟಿ, ಹಲ್ಲು, ರಸೀದಿ ಕಾಣುವುದಿಲ್ಲ. ಬೇಟೆ ಯಶಸ್ವಿಯಾಯಿತು ಎಂದು ಅಲ್ಲಿ ಹೇಳಬೇಕಾದರೆ ಇವೆಲ್ಲ ಸರಿಯಾಗಿ ಮುಗಿದಿರಬೇಕು.

ಹಾಗಂತ ಅಲ್ಲಿ ಎಲ್ಲವೂ ಸರಿಯಿದೆ ಎಂದು ನಾವು ಹೇಳುತ್ತಿಲ್ಲ. 1992ರಲ್ಲಿ ಕೊಲೊರಾಡೊದ ಜನರೇ ಮತ ಹಾಕಿ ವಸಂತಕಾಲದ ಕರಡಿ ಬೇಟೆ, ಆಹಾರದ ಆಮಿಷ ಒಡ್ಡಿ ಹೊಡೆಯುವುದು, ನಾಯಿ ಬಿಟ್ಟು ಅಟ್ಟುವುದು ಮೂರನ್ನೂ ನಿಲ್ಲಿಸಿದರು. ವಸಂತದಲ್ಲಿ ತಾಯಿ ಸತ್ತರೆ ಗುಹೆಯ ಮರಿಗಳು ಹಸಿವಿನಿಂದ ಸಾಯುತ್ತವೆ ಎಂಬುದು ಅವರ ಮುಖ್ಯ ವಾದವಾಗಿತ್ತು. ಫ್ಲೋರಿಡಾದ ಕಥೆ ಇನ್ನೂ ಕಟು. 2015ರಲ್ಲಿ ಅಲ್ಲಿ 21 ವರ್ಷಗಳ ನಂತರ ಕರಡಿ ಬೇಟೆಗೆ ಬಿಟ್ಟರು. 320 ಕರಡಿಗಳ ಮಿತಿ ಇಟ್ಟು ಮೂರೂವರೆ ಸಾವಿರಕ್ಕೂ ಹೆಚ್ಚು ಪರವಾನಗಿ ಮಾರಿದರು. ಎರಡೇ ದಿನಕ್ಕೆ 304 ಕರಡಿಗಳು ಬಿದ್ದವು. ಹಾಲೂಡುವ ತಾಯಂದಿರೂ ಅದರಲ್ಲಿದ್ದವು. ಅಲ್ಲಿಗೇ ಬೇಟೆ ನಿಲ್ಲಿಸಿದರು, ಮರುವರ್ಷ ಬಿಡಲೇ ಇಲ್ಲ. ಲೆಕ್ಕದಲ್ಲಿ ಗಟ್ಟಿಯಾದ ದೇಶದಲ್ಲೂ ಲೆಕ್ಕ ಹೀಗೆ ಕೈಜಾರಬಹುದು.

ಈಗ ನಮ್ಮ ಕಡೆ ಬರೋಣ. "ಅಲ್ಲಿ ಬಿಡುತ್ತಾರೆ, ಇಲ್ಲಿ ಯಾಕೆ ಬಿಡಬಾರದು?"

ಮೊದಲನೆಯದಾಗಿ, ನಮ್ಮ ಕರಡಿಯೇ ಬೇರೆ. ದರೋಜಿ, ಗುಡೇಕೋಟೆಯ ಬಂಡೆಗಳ ನಡುವೆ ಇರುವುದು ಗೆದ್ದಲು, ಜೇನು, ಕಾಡುಹಣ್ಣು ತಿನ್ನುವ, ಮರಿಯನ್ನು ಬೆನ್ನ ಮೇಲೆ ಹೊತ್ತು ತಿರುಗುವ ಕರಡಿ. ಭಾರತ, ಶ್ರೀಲಂಕಾ, ನೇಪಾಳ ಎಲ್ಲ ಸೇರಿಸಿದರೂ ಈ ಜಾತಿಯ ಕರಡಿಗಳು 20 ಸಾವಿರಕ್ಕಿಂತ ಕಡಿಮೆ ಎಂಬ ಅಂದಾಜಿದೆ. ಕೊಲೊರಾಡೊ ಒಂದೇ ರಾಜ್ಯದಲ್ಲಿರುವ ಕಪ್ಪು ಕರಡಿಗಳೂ ಹೆಚ್ಚುಕಡಿಮೆ ಅಷ್ಟೇ. ಇಡೀ ಉತ್ತರ ಅಮೆರಿಕದಲ್ಲಿ ಕಪ್ಪು ಕರಡಿಗಳು 6 ಲಕ್ಷಕ್ಕೂ ಹೆಚ್ಚು. ತುಂಬಿದ ಕಣಜದಿಂದ ಒಂದು ಸೇರು ತೆಗೆದಂತಲ್ಲ, ಬೀಜಕ್ಕೆಂದು ಇಟ್ಟ ಕಾಳಿಗೇ ಕೈಹಾಕಿದಂತೆ.

ಎರಡನೆಯದು ಜಾಗ. ಕೊಲೊರಾಡೊ ನಮ್ಮ ರಾಜ್ಯಕ್ಕಿಂತ ದೊಡ್ಡದು, ಆದರೆ ಅಲ್ಲಿನ ಜನ 60 ಲಕ್ಷದ ಆಸುಪಾಸು. ಕರ್ನಾಟಕದಲ್ಲಿ 2011ರ ಜನಗಣತಿಯಲ್ಲೇ 6 ಕೋಟಿ ದಾಟಿದ್ದೆವು. ಅಲ್ಲಿ ಗುರಿ ತಪ್ಪಿದ ಗುಂಡು ಬೆಟ್ಟಕ್ಕೆ ಬಡಿಯುತ್ತದೆ. ನಮ್ಮ ಗುಡ್ಡದಲ್ಲಿ ಸೌದೆಗೆ ಹೋದವರು, ಕುರಿ ಕಾಯುವವರು, ಬೆಳಗಿನ ಜಾವ ಹೊಲಕ್ಕೆ ನೀರು ಕಟ್ಟಲು ಹೊರಟವರು ಇರುತ್ತಾರೆ.

ಮೂರನೆಯದು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ ನಮ್ಮ ಕರಡಿ ಇದೆ. ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಆದರೆ ಕಾನೂನು ಕಣ್ಣುಮುಚ್ಚಿ ಕೂತಿಲ್ಲ. ಮೈಮೇಲೆ ಬಿದ್ದ ಪ್ರಾಣಿಯಿಂದ ಜೀವ ಉಳಿಸಿಕೊಳ್ಳಲು ಪ್ರಾಮಾಣಿಕವಾಗಿ ಹೋರಾಡಿದಾಗ ಅದು ಸತ್ತರೆ ಅಪರಾಧವಲ್ಲ ಎಂದು ಅದೇ ಕಾಯ್ದೆಯ 11ನೇ ಕಲಂ ಹೇಳುತ್ತದೆ. ಮನುಷ್ಯರ ಜೀವಕ್ಕೆ ಅಪಾಯವಾದ ಪ್ರಾಣಿಯನ್ನು ಹಿಡಿಯಲು ಬೇರೆ ದಾರಿಯೇ ಇಲ್ಲದಿದ್ದರೆ, ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತ ಆದೇಶ ಕೊಡಬಹುದು. ಹೊಲದ ಸುತ್ತ ಕಟ್ಟುವ ತಂತಿ ಉರುಲು, ಕರೆಂಟ್ ಬಿಟ್ಟ ಬೇಲಿ, ಹಣ್ಣಿನೊಳಗೆ ಇಡುವ ಸಿಡಿಮದ್ದು ಇವಕ್ಕೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ.

ಇರಲೂ ಬಾರದು. ಯಾಕೆಂದರೆ ಉರುಲಿಗೆ ಕಣ್ಣಿಲ್ಲ. ಅದು ಮರಿ ನೋಡುವುದಿಲ್ಲ, ತಾಯಿ ನೋಡುವುದಿಲ್ಲ, ಪಕ್ಕದ ಮನೆಯ ಎಮ್ಮೆಕರುವನ್ನೂ ನೋಡುವುದಿಲ್ಲ. ಕರೆಂಟ್ ತಂತಿಗೆ ಮನುಷ್ಯರೂ ಬಲಿಯಾಗುತ್ತಾರೆ. "ಬೇಡ" ಎಂದು ಹೇಳಲು ಅಲ್ಲಿ ಯಾವ ಗೆಳೆಯನೂ ಇರುವುದಿಲ್ಲ.

ಹಾಗಾದರೆ ರೈತ ಏನು ಮಾಡಬೇಕು? ಸಹಿಸಿಕೊಂಡು ಕೂರಬೇಕು ಎಂದು ನಾವು ಹೇಳುವುದಿಲ್ಲ. ಅಮೆರಿಕದಿಂದ ಬಂದೂಕು ಬೇಡ, ಲೆಕ್ಕ ತರೋಣ.

ಅಲ್ಲಿ ಸತ್ತ ಪ್ರತಿ ಕರಡಿಗೂ ಒಂದು ದಾಖಲೆ ಇದೆ. ಇಲ್ಲಿ ಕರಡಿ ತುಳಿದ ಪ್ರತಿ ಹೊಲಕ್ಕೂ ಒಂದು ದಾಖಲೆ ಇರಲಿ. ಯಾವ ದಿನ, ಯಾವ ಸರ್ವೆ ನಂಬರ್, ಯಾವ ಬೆಳೆ, ಎಷ್ಟು ಹಾಳಾಯಿತು, ಅರ್ಜಿ ಕೊಟ್ಟದ್ದು ಯಾವಾಗ, ಪರಿಹಾರ ಬಂದದ್ದು ಯಾವಾಗ. ಇದನ್ನು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ, ಎಲ್ಲರಿಗೂ ಕಾಣುವಂತೆ ಬರೆಯಲಿ. ನಾವು ಓಡಾಡಿದ ಊರುಗಳಲ್ಲಿ ಜನರಿಗೆ ಕರಡಿಯ ಮೇಲಿರುವ ಸಿಟ್ಟಿಗಿಂತ, ಅರ್ಜಿ ಯಾವ ಟೇಬಲ್ ಮೇಲೆ ಕೂತಿದೆ ಎಂದು ತಿಳಿಯದ ಸಿಟ್ಟೇ ಹೆಚ್ಚು. ಆ ಸಿಟ್ಟು ಕೊನೆಗೆ ಉರುಲಾಗಿ ಕರಡಿಯ ಕುತ್ತಿಗೆಗೆ ಬೀಳುತ್ತದೆ.

ನಷ್ಟವಾದ ದಿನವೇ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಹೆಜ್ಜೆ ಗುರುತು, ಲದ್ದಿ, ಕಿತ್ತ ಬಳ್ಳಿ ಎಲ್ಲವೂ ಇರಲಿ. ಪಹಣಿ ಜೊತೆಗಿಟ್ಟು ಅರ್ಜಿ ಕೊಡಿ, ಸ್ವೀಕೃತಿ ಕೇಳಿ ಪಡೆಯಿರಿ. ಮುಂದಿನ ಗ್ರಾಮಸಭೆಯಲ್ಲಿ ಒಬ್ಬೊಬ್ಬರೇ ಎದ್ದು ಗೋಳಾಡುವ ಬದಲು, ಇಡೀ ಊರಿನ ಪಟ್ಟಿಯನ್ನೇ ಮುಂದಿಡಿ. ಪಟ್ಟಿ ಇದ್ದರೆ ಉತ್ತರ ಕೊಡಲೇಬೇಕಾಗುತ್ತದೆ.

ಜೀವದ ವಿಷಯದಲ್ಲಿ ಇನ್ನೊಂದು ಮಾತು. ಅಮೆರಿಕದ ಕಪ್ಪು ಕರಡಿ ಮನುಷ್ಯರನ್ನು ಕಂಡರೆ ಸಾಮಾನ್ಯವಾಗಿ ಓಡುತ್ತದೆ, ಇಲ್ಲವೇ ಮರ ಹತ್ತುತ್ತದೆ. ನಮ್ಮ ಕರಡಿ ಹಾಗಲ್ಲ. ಹತ್ತಿರದಲ್ಲಿ ಬೆಚ್ಚಿಬಿದ್ದರೆ ನೇರವಾಗಿ ಮೇಲೆರಗುತ್ತದೆ. ಹಾಗಾಗಿ ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಗುಡ್ಡದಂಚಿನ ಹೊಲಕ್ಕೆ ಒಬ್ಬರೇ ಹೋಗಬೇಡಿ. ಇಬ್ಬರು ಹೋಗಿ, ಬ್ಯಾಟರಿ ಹಿಡಿಯಿರಿ, ಜೋರಾಗಿ ಮಾತಾಡುತ್ತಾ ನಡೆಯಿರಿ. ಸದ್ದು ಕೇಳಿದ ಕರಡಿ ಬಹುತೇಕ ತಾನೇ ಬದಿಗೆ ಸರಿಯುತ್ತದೆ.

ಕಾಡಿನಂಚಿನಲ್ಲಿ ಜೊತೆಗಾರ ಬೇಕು ಎಂಬ ಪಾಠ ರಾಕಿ ಪರ್ವತಕ್ಕೂ ಒಂದೇ, ಸಂಡೂರಿನ ಗುಡ್ಡಕ್ಕೂ ಒಂದೇ. ಮುಂದಿನ ಸಲ ಊರಿನಲ್ಲಿ ಯಾರಾದರೂ ಉರುಲು ಕಟ್ಟಲು ತಂತಿ ಸುರುಳಿ ತಂದರೆ, "ಬೇಡ ಕಣೋ, ಅರ್ಜಿ ಬರಿ, ನಾನೂ ಬರ್ತೀನಿ" ಅನ್ನುವವರು ನೀವಾಗಿರಿ.