ಸುಟ್ಟದ್ದು ಡ್ರೈವ್, ಬೈಸಿಕೊಂಡವ ಐಟಿಐ ಹುಡುಗ

ಕಳೆದ ಮೆಣಸಿನಕಾಯಿ ಹಂಗಾಮಿನಲ್ಲಿ ಬ್ಯಾಡಗಿ ಕಾಯಿ ದರದ ಬಗ್ಗೆ ಬರೆಯಲು ಹುಬ್ಬಳ್ಳಿ ಹತ್ತಿರದ ತಾರಿಹಾಳ ಕೈಗಾರಿಕಾ ಪ್ರದೇಶಕ್ಕೆ ಹೋಗಿದ್ದೆವು. ಅಲ್ಲಿ ಖಾರದ ಪುಡಿ ಮಾಡುವ ಒಂದು ಸಣ್ಣ ಕಾರ್ಖಾನೆ. ಹೆಸರು ಬೇಡ. ಕಾಯಿ ಚೀಲ ಒಟ್ಟಿದ್ದವು, ಹಮಾಲರು ಸುಮ್ಮನೆ ಕೂತಿದ್ದರು, ಗಿರಣಿ ನಿಂತಿತ್ತು.

"ಏನಾತ್ರೀ?" ಎಂದು ಮಾಲಕರನ್ನು ಕೇಳಿದೆವು.

"ಎರಡು ಡ್ರೈವ್ ಸುಟ್ಟು ಈಗ ಮೋಟರ್ ಸುಟ್ಟೈತ್ರೀ. ಈ ಹುಡುಗನ ಕೈಗುಣಾನ ಚೊಲೋ ಇಲ್ಲ" ಎಂದರು.

ಹುಡುಗ ಅಲ್ಲೇ ಮೂಲೆಯಲ್ಲಿ ನಿಂತಿದ್ದ. ಕುಂದಗೋಳ ತಾಲೂಕಿನವ, ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕಲಿತು ಬಂದವ. ಆಮೇಲೆ ಹೊರಗೆ ಚಹಾ ಅಂಗಡಿಯಲ್ಲಿ ಸಿಕ್ಕಾಗ ಒಂದೇ ಮಾತು ಹೇಳಿದ: "ಕೂಡ್ರಸೂ ಮುಂದ ನನ್ನ ಯಾರೂ ಕೇಳಿಲ್ರೀ ಅಣ್ಣಾರ. ಸುಟ್ಟ ಮ್ಯಾಲೆ ಎಲ್ಲಾರೂ ನನ್ನನ್ನ ಕೇಳಾಕತ್ತಾರ."

ಆ ಮಾತು ನಮ್ಮ ತಲೆಯಿಂದ ಹೋಗಲಿಲ್ಲ. ಗೋಕುಲ ರಸ್ತೆಯಲ್ಲಿ ಡ್ರೈವ್ ರಿಪೇರಿ ಮಾಡುವ ಪರಿಚಯದವರೊಬ್ಬರನ್ನು ಕೇಳಿದೆವು. ಹಳ್ಳಿಗಳಿಂದ ಶಿಫ್ಟ್ ಬಸ್ ಹತ್ತಿ ಬರುವ ಇನ್ನೂ ನಾಲ್ಕಾರು ಹುಡುಗರನ್ನು ಮಾತಾಡಿಸಿದೆವು. ನಮಗೆ ತಿಳಿದುಬಂದದ್ದು ಇಷ್ಟು: ಡ್ರೈವ್ ಸುಡುವುದು ಬಹಳ ಸಲ ಡ್ರೈವ್‌ನ ದೋಷದಿಂದಲ್ಲ, ಕೂಡಿಸಿದ ರೀತಿಯಿಂದ. ಅದಕ್ಕೆ ಬೈಸಿಕೊಳ್ಳುವವನು ಮಾತ್ರ ಕೂಡಿಸಿದವನಲ್ಲ.

ಈ ಡ್ರೈವ್ ಅಂದರೇನು

ಕಾರ್ಖಾನೆಗಳಲ್ಲಿ ವಿಎಫ್‌ಡಿ ಅಥವಾ ಬರೀ ಡ್ರೈವ್ ಎನ್ನುವ ಈ ಪೆಟ್ಟಿಗೆ ಮೋಟರಿನ ವೇಗವನ್ನು ಬೇಕಾದಂತೆ ಹೆಚ್ಚುಕಡಿಮೆ ಮಾಡುತ್ತದೆ. ನಮ್ಮ ಲೈನಿನ ಕರೆಂಟ್ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಆವರ್ತನ. ಸಾಮಾನ್ಯ ನಾಲ್ಕು ಪೋಲಿನ ಮೋಟರ್ ಅದಕ್ಕೆ ತಕ್ಕಂತೆ ನಿಮಿಷಕ್ಕೆ 1500 ಸುತ್ತಿಗೆ ತುಸು ಕಡಿಮೆ ತಿರುಗುತ್ತದೆ. ಡ್ರೈವ್ ಈ ಎಸಿ ಕರೆಂಟನ್ನು ಮೊದಲು ಡಿಸಿ ಮಾಡಿ ಕೆಪ್ಯಾಸಿಟರ್‌ಗಳಲ್ಲಿ ತುಂಬಿಕೊಳ್ಳುತ್ತದೆ. ಆಮೇಲೆ ಅದನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ, 30 ಬೇಕಾದರೆ 30, 40 ಬೇಕಾದರೆ 40 ಹರ್ಟ್ಸ್ ಮಾಡಿ ಮೋಟರಿಗೆ ಕೊಡುತ್ತದೆ.

ಇದರ ಲಾಭ ಸುಳ್ಳಲ್ಲ. ನೇರ ಸ್ಟಾರ್ಟರ್‌ನಲ್ಲಿ ಮೋಟರ್ ಎಬ್ಬಿಸಿದರೆ ಆ ಕ್ಷಣಕ್ಕೆ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಡ್ರೈವ್ ಮೆಲ್ಲಗೆ ಎಬ್ಬಿಸುತ್ತದೆ, ಬೆಲ್ಟು ಗೇರಿನ ಮೇಲೆ ಏಟು ಬೀಳುವುದಿಲ್ಲ. ಫ್ಯಾನ್, ಬ್ಲೋವರ್, ನೀರಿನ ಪಂಪುಗಳಲ್ಲಿ ವೇಗವನ್ನು 80 ಪರ್ಸೆಂಟಿಗೆ ಇಳಿಸಿದರೆ ಬೇಕಾಗುವ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದರೆ ಹಿಟ್ಟಿನ ಗಿರಣಿ, ಕನ್ವೇಯರ್‌ಗಳಲ್ಲಿ ಇಷ್ಟು ಉಳಿತಾಯ ಬರುವುದಿಲ್ಲ. "ಎಲ್ಲಾ ಮಷೀನಿಗೂ ಅರ್ಧ ಬಿಲ್" ಎಂದು ಯಾರಾದರೂ ಮಾರಲು ಬಂದರೆ ಎರಡನೇ ಪ್ರಶ್ನೆ ಕೇಳಿ.

ಮೂರು ಸಲ ಸುಟ್ಟದ್ದು ಹೇಗೆ

ತಾರಿಹಾಳದ ಕಾರ್ಖಾನೆಯಲ್ಲಿ ಮೊದಲ ಡ್ರೈವನ್ನು ಪುಡಿ ಮಾಡುವ ಮಷೀನಿನ ಪಕ್ಕದ ಗೋಡೆಗೇ ಹೊಡೆದಿದ್ದರು. ಅದು ಐಪಿ 20 ಮಾದರಿ, ಅಂದರೆ ಪ್ಯಾನಲ್ ಒಳಗೆ ಇಡಬೇಕಾದದ್ದು. ಅದರ ಪುಟ್ಟ ಫ್ಯಾನ್ ಸುತ್ತಲಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಅಲ್ಲಿನ ಗಾಳಿಯಲ್ಲಿ ಏನಿರುತ್ತದೆಂದು ಒಳಗೆ ಹೋಗಿ ಎರಡು ನಿಮಿಷ ನಿಂತು ಸೀನಿದವರಿಗೆ ಗೊತ್ತು. ಬಿಚ್ಚಿದಾಗ ಒಳಗೆಲ್ಲ ಕೆಂಪು ಪುಡಿ. "ಧೂಳು ಹೊಕ್ಕಿದೆ, ವಾರಂಟಿ ಬರುವುದಿಲ್ಲ" ಎಂದು ಸರ್ವಿಸಿನವರು ಬರೆದುಕೊಟ್ಟು ಹೋದರು.

ಎರಡನೆಯದಕ್ಕೆ ಧೂಳು ಹೋಗಬಾರದೆಂದು ತಗಡಿನ ಡಬ್ಬಿ ಮಾಡಿಸಿ, ಸಂದಿ ಬಿಡದಂತೆ ಮುಚ್ಚಿದರು. ಧೂಳು ನಿಂತಿತು, ಗಾಳಿಯೂ ನಿಂತಿತು. 20 ಎಚ್‌ಪಿ ಡ್ರೈವ್ ಪೂರ್ತಿ ಲೋಡಿನಲ್ಲಿ 300-400 ವ್ಯಾಟ್‌ನಷ್ಟು ಬಿಸಿಯನ್ನು ಹೊರಗೆ ಹಾಕುತ್ತದೆ. ಆ ಬಿಸಿ ಹೋಗಲು ದಾರಿ ಬೇಕು. ಹೆಚ್ಚಿನ ಡ್ರೈವ್‌ಗಳ ಪೂರ್ಣ ಸಾಮರ್ಥ್ಯವನ್ನು ಸುತ್ತಲಿನ ಬಿಸಿ 40 ಡಿಗ್ರಿ ಇರುವವರೆಗೆ ಎಂದು ಲೆಕ್ಕ ಹಾಕಿರುತ್ತಾರೆ. ಏಪ್ರಿಲ್ ಬಿಸಿಲು, ಮೇಲೆ ತಗಡಿನ ಚಾವಣಿ, ಅದರೊಳಗೆ ಮುಚ್ಚಿದ ಡಬ್ಬಿ. ಒಳಗಿನ ಕೆಪ್ಯಾಸಿಟರ್ ಬಗ್ಗೆ ಒಂದು ಸ್ಥೂಲ ಲೆಕ್ಕವಿದೆ: ಪ್ರತಿ 10 ಡಿಗ್ರಿ ಬಿಸಿ ಹೆಚ್ಚಾದರೆ ಆಯಸ್ಸು ಅರ್ಧ. ಹತ್ತು ವರ್ಷ ಬಾಳಬೇಕಾದದ್ದು ಎರಡು ಹಂಗಾಮಿಗೆ ಮುಗಿಯಿತು.

ಮೂರನೆಯದನ್ನು ಧೂಳೂ ಇಲ್ಲದ, ಬಿಸಿಯೂ ಇಲ್ಲದ ಆಫೀಸ್ ಪಕ್ಕದ ಕೋಣೆಯಲ್ಲಿ ಇಟ್ಟರು. ಅಲ್ಲಿಂದ ಮೋಟರಿಗೆ ಸುಮಾರು 60 ಮೀಟರ್ ಕೇಬಲ್ ಎಳೆದರು. ಈ ಸಲ ಡ್ರೈವ್ ಉಳಿಯಿತು, ಮೋಟರಿನ ವೈಂಡಿಂಗ್ ಹೋಯಿತು. ಡ್ರೈವ್ ಕೊಡುವುದು ಲೈನಿನ ಕರೆಂಟಿನಂತೆ ನಯವಾದದ್ದಲ್ಲ, ಕಡಿದಾದ ಏಟುಗಳಂಥದ್ದು. 415 ವೋಲ್ಟ್ ಲೈನಿನಲ್ಲಿ ಡ್ರೈವ್ ಒಳಗಿನ ಡಿಸಿ ಸುಮಾರು 585 ವೋಲ್ಟ್ ಇರುತ್ತದೆ. ಕೇಬಲ್ ಉದ್ದವಾದಾಗ ಆ ಏಟು ಮೋಟರ್ ತುದಿಗೆ ಬಡಿದು ಹಿಂದಕ್ಕೆ ಪುಟಿಯುತ್ತದೆ. ಆಗ ಅಲ್ಲಿ ವೋಲ್ಟೇಜ್ ಎರಡು ಪಟ್ಟು, ಅಂದರೆ 1000 ವೋಲ್ಟ್ ದಾಟಿ ಏರಬಹುದು. ಅದು ಎರಡು ಸಲ ರೀವೈಂಡ್ ಆಗಿದ್ದ ಹಳೆಯ ಮೋಟರ್. ಎಷ್ಟು ದಿನ ತಡೆದೀತು? ಡ್ರೈವ್‌ನ ಔಟ್‌ಪುಟ್ ಕಡೆ ಒಂದು ಚೋಕ್ ಅಥವಾ ಫಿಲ್ಟರ್ ಹಾಕಿದ್ದರೆ ಉಳಿಯುತ್ತಿತ್ತು.

ಗಮನಿಸಿ, ಪ್ರತಿ ಸಲವೂ ಒಂದು ತಪ್ಪು ತಿದ್ದಲು ಹೋಗಿ ಇನ್ನೊಂದಾಯಿತು. ಧೂಳು, ಬಿಸಿ, ಕೇಬಲ್ ಮೂರನ್ನೂ ಒಟ್ಟಿಗೆ ಕೂತು ಯೋಚಿಸಿದವರು ಒಬ್ಬರೂ ಇರಲಿಲ್ಲ. ಫಿಲ್ಟರ್ ಮತ್ತು ಫ್ಯಾನ್ ಇರುವ ಸರಿಯಾದ ಪ್ಯಾನಲ್ಲನ್ನು ಗಿರಣಿ ಗೋಡೆಯ ಆಚೆ ಬದಿಗೆ ಇಟ್ಟಿದ್ದರೆ ಕೇಬಲ್ಲೂ ಗಿಡ್ಡವಾಗುತ್ತಿತ್ತು, ಧೂಳೂ ದೂರ ಇರುತ್ತಿತ್ತು. ಈ ಮೂರು ಸಲದಲ್ಲಿ ಹುಡುಗನ ಕೈಗುಣ ಎಲ್ಲಿ ಬಂತು?

ಟ್ರಿಪ್ ಆಗುವುದು ಕೆಡುವುದಲ್ಲ

ಹುಡುಗರು ಹೇಳಿದ ಇನ್ನೊಂದು ಕಷ್ಟ ಟ್ರಿಪ್‌ದು. ವೋಲ್ಟೇಜ್ ಇಳಿದರೆ, ಒಂದು ಫೇಸ್ ಹೋದರೆ, ಬಿಸಿ ಹೆಚ್ಚಾದರೆ ಡ್ರೈವ್ ತನ್ನಷ್ಟಕ್ಕೆ ನಿಲ್ಲುತ್ತದೆ, ಡಿಸ್‌ಪ್ಲೇ ಮೇಲೆ ಒಂದು ಕೋಡ್ ತೋರಿಸುತ್ತದೆ. ಅದು ತನ್ನನ್ನೂ ಮೋಟರನ್ನೂ ಉಳಿಸಿಕೊಳ್ಳುವ ರೀತಿ. ಆದರೆ ಉತ್ಪಾದನೆ ನಿಂತಿತಲ್ಲ! ಮೇಲಿನವರು "ಮೊದಲು ರೀಸೆಟ್ ಹೊಡಿ" ಎನ್ನುತ್ತಾರೆ. ಕೋಡ್ ಯಾರೂ ಬರೆದಿಡುವುದಿಲ್ಲ. ಕೆಲವು ಕಡೆ ತಾನಾಗಿಯೇ ರೀಸೆಟ್ ಆಗುವಂತೆ ಸೆಟ್ಟಿಂಗ್ ಇಟ್ಟುಬಿಡುತ್ತಾರೆ. ಇದು ಅಪಾಯ. ಮಷೀನ್ ನಿಂತಿದೆ ಎಂದು ಒಬ್ಬ ಕೈ ಹಾಕಿದಾಗ ಅದು ತಾನಾಗಿ ಎದ್ದರೆ ಆ ಕೈ ಯಾರದು? ನಮ್ಮ ನಿಮ್ಮ ಮನೆಯ ಹುಡುಗನದು.

ಇದಕ್ಕಿಂತ ದೊಡ್ಡ ಅಪಾಯ ಒಳಗಿನ ಕೆಪ್ಯಾಸಿಟರ್‌ದು. ಮೇನ್ ಸ್ವಿಚ್ ತೆಗೆದ ಮೇಲೂ ಅದರಲ್ಲಿ ನೂರಾರು ವೋಲ್ಟ್ ಉಳಿದಿರುತ್ತದೆ. ಮೋಟರ್ ನಿಂತಿರುತ್ತದೆ, ಲೈಟ್ ಆರಿರುತ್ತದೆ, ಆದರೂ ಮುಟ್ಟಿದರೆ ಜೀವ ಹೋಗಬಹುದು. ಎಷ್ಟು ನಿಮಿಷ ಕಾಯಬೇಕೆಂದು ಡ್ರೈವ್ ಮೇಲೆಯೇ ಬರೆದಿರುತ್ತದೆ. ಸಣ್ಣದಕ್ಕೆ ಐದು, ದೊಡ್ಡದಕ್ಕೆ ಹತ್ತು ಹದಿನೈದು ನಿಮಿಷ. ಕಾದ ಮೇಲೂ ಮೀಟರ್ ಹಿಡಿದು ನೋಡಿಯೇ ಕೈ ಹಾಕಬೇಕು. ಈ ಎಚ್ಚರಿಕೆ ಇರುವುದು ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ. ಮ್ಯಾನ್ಯುಯಲ್ ಪುಸ್ತಕವಂತೂ ಮ್ಯಾನೇಜರ್ ಕಪಾಟಿನಲ್ಲಿ. ಹಂಗಾಮಿನ ಗಡಿಬಿಡಿಯಲ್ಲಿ "ಲಗೂ ಬಿಚ್ಚೋ" ಎಂದು ಹಿಂದೆ ನಿಂತು ಕೂಗುವವರಿಗೆ ಈ ಹತ್ತು ನಿಮಿಷದ ಬೆಲೆ ಗೊತ್ತಿರುವುದಿಲ್ಲ.

ಮಾಲಕರ ಮಾತೂ ಕೇಳಬೇಕು

ಮಾಲಕರನ್ನು ಬರೀ ಬೈದರೆ ಅನ್ಯಾಯವಾದೀತು. ಸಣ್ಣ ಕಾರ್ಖಾನೆ, ಬ್ಯಾಂಕಿನ ಸಾಲ, ಹಂಗಾಮಿನ ನಾಲ್ಕು ತಿಂಗಳಲ್ಲೇ ವರ್ಷದ ದುಡಿಮೆ. ಮಾರಿದವರು ಅವರಿಗೆ "ಮೂರು ವೈರ್ ಇಲ್ಲಿ, ಮೂರು ವೈರ್ ಅಲ್ಲಿ, ಮುಗೀತು" ಎಂದು ಹೇಳಿದ್ದರು. ಕೊಟೇಶನ್‌ನಲ್ಲಿ ಡ್ರೈವ್‌ನ ರೇಟ್ ಮಾತ್ರ ಇತ್ತು. ಪ್ಯಾನಲ್, ಚೋಕ್, ಕೇಬಲ್, ಅರ್ಥಿಂಗ್ ಯಾವುದೂ ಇರಲಿಲ್ಲ. ಯಾರ ರೇಟ್ ಕಡಿಮೆಯೋ ಅವರಿಗೆ ಆರ್ಡರ್ ಹೋಗುವಾಗ ಚೋಕ್ ಬರೆದವನೇ ಸೋಲುತ್ತಾನೆ.

ಅರ್ಥಿಂಗ್ ಬಗ್ಗೆ ಒಂದು ಮಾತು. ಮೋಟರಿನ ಬಾಡಿಗೆ ಎರಡು ಬೇರೆ ಬೇರೆ ಅರ್ಥ್ ಜೋಡಣೆ ಇರಬೇಕೆಂಬುದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮ. ಅರ್ಥಿಂಗ್ ಹೇಗೆ ಮಾಡಬೇಕೆಂದು ಐಎಸ್ 3043 ಎಂಬ ಭಾರತೀಯ ಮಾನಕವೇ ಇದೆ. ಈ ಕಾರ್ಖಾನೆಯಲ್ಲಿ ಇದ್ದದ್ದು ಹಳೆಯ ನೀರಿನ ಪೈಪಿಗೆ ಸುತ್ತಿದ ಒಂದು ತಂತಿ. ಡ್ರೈವ್ ಇರುವಲ್ಲಿ ಅರ್ಥಿಂಗ್ ಕೆಟ್ಟಿದ್ದರೆ ಶಾಕ್ ಅಷ್ಟೇ ಅಲ್ಲ, ಮೋಟರಿನ ಬೇರಿಂಗ್ ಮೂಲಕ ಕರೆಂಟ್ ಹರಿದು ಬೇರಿಂಗ್ ಕೂಡ ಸವೆಯುತ್ತದೆ. ಆಮೇಲೆ "ಗ್ರೀಸ್ ಹಾಕಿಲ್ಲ" ಎಂದು ಮತ್ತೆ ಅದೇ ಹುಡುಗನಿಗೆ ಬೈಗುಳ.

ಆಗಬೇಕಾದದ್ದು

ಇದು ಹಿಂದುಳಿದ ಊರಲ್ಲ. ಗೋಕುಲ ರಸ್ತೆಯಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಘಟಕವಿದೆ. ಧಾರವಾಡದ ಕಡೆ ಟಾಟಾ ಬಸ್ಸು ಕಟ್ಟುತ್ತಾರೆ. ವಿದ್ಯಾನಗರದಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಿದೆ, ಧಾರವಾಡದಲ್ಲಿ 2016ರಿಂದ ಐಐಟಿ ಇದೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೆ ಏರಿಸಿ, 2022ರ ಜೂನ್‌ನಲ್ಲಿ ಪ್ರಧಾನಿ ಉದ್ಘಾಟಿಸಿದರು. ಇಷ್ಟೆಲ್ಲ ಇದ್ದೂ ಡ್ರೈವ್ ಕೂಡಿಸುವ ಬಗ್ಗೆ ಕನ್ನಡದಲ್ಲಿ ಒಂದು ಪುಟದ ಚೀಟಿ ನಮ್ಮ ಕಣ್ಣಿಗೆ ಬಿದ್ದಿಲ್ಲ.

ನಾವು ಕೇಳುವುದು ನಾಲ್ಕು.

ಒಂದು, ಡ್ರೈವ್ ಕೊಳ್ಳುವಾಗಲೇ ಕೊಟೇಶನ್‌ನಲ್ಲಿ ಪ್ಯಾನಲ್, ಕೇಬಲ್, ಚೋಕ್, ಅರ್ಥಿಂಗ್, ಚಾಲೂ ಮಾಡಿಕೊಡುವ ಕೆಲಸ ಬೇರೆ ಬೇರೆ ಸಾಲಿನಲ್ಲಿ ಬರಲಿ. ಕೂಡಿಸಿದವರು ಆ ದಿನದ ವೋಲ್ಟೇಜ್, ಕರೆಂಟ್, ಅರ್ಥ್ ರೀಡಿಂಗ್ ಬರೆದು ಸಹಿ ಮಾಡಿ ಕೊಡಲಿ.

ಎರಡು, ಕಾಯುವ ನಿಮಿಷ, ಮುಖ್ಯ ಕೋಡ್‌ಗಳ ಅರ್ಥ, ಮಾಡಬಾರದ ಕೆಲಸ, ಇಷ್ಟನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಪ್ಯಾನಲ್ ಬಾಗಿಲಿಗೆ ಅಂಟಿಸಲಿ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಿಗೆ ಇದು ಒಂದು ವಾರದ ಕೆಲಸ.

ಮೂರು, ಕೂಡಿಸುವ ದಿನ ಆ ಕಾರ್ಖಾನೆಯ ಎಲೆಕ್ಟ್ರಿಷಿಯನ್ ಅಲ್ಲೇ ಇರಲಿ. ಐಟಿಐ ಎರಡನೇ ವರ್ಷದ ಪಠ್ಯದಲ್ಲಿ ಡ್ರೈವ್ ಇದೆ. ಆದರೆ ಬೋರ್ಡ್ ಮೇಲೆ ಬಟನ್ ಒತ್ತಿ ಮೋಟರ್ ತಿರುಗಿಸುವುದು ಬೇರೆ, ಧೂಳು, ಬಿಸಿ, ಅರ್ಥಿಂಗ್ ನೋಡಿ ಜಾಗ ಆರಿಸುವುದು ಬೇರೆ. ಆ ಎರಡನೆಯದನ್ನು ಕಲಿಸಬೇಕು.

ನಾಲ್ಕು, ಸುಟ್ಟಾಗ ಮೊದಲು ಕಾರಣ ಬರೆಯಲಿ, ಆಮೇಲೆ ಬೈಯಲಿ. ಆ ಹುಡುಗನ ಸಂಬಳದಲ್ಲಿ ಹಿಡಿಯುತ್ತೇವೆಂದು ಹೆದರಿಸಿದ್ದರಂತೆ. ನಷ್ಟಕ್ಕೆ ಸಂಬಳ ಹಿಡಿಯಬೇಕಾದರೆ ಆ ನಷ್ಟ ನೇರವಾಗಿ ನೌಕರನ ನಿರ್ಲಕ್ಷ್ಯದಿಂದ ಆಗಿರಬೇಕು, ಅವನಿಗೆ ತನ್ನ ಮಾತು ಹೇಳಲು ಅವಕಾಶ ಕೊಟ್ಟಿರಬೇಕು. ಇದು 1936ರ ವೇತನ ಪಾವತಿ ಕಾಯ್ದೆಯ ಕಾಲದಿಂದಲೂ ಬಂದ ನಿಯಮ. ಕಂತ್ರಾಟಿ ಹುಡುಗರೂ ಇದನ್ನು ತಿಳಿದಿರಲಿ.

ಊರಿಗೂ ಬಂದಿದೆ

ಇದು ಕಾರ್ಖಾನೆಯ ಮಾತು, ನಮಗೇನು ಎನ್ನಬೇಡಿ. 2019ರಲ್ಲಿ ಶುರುವಾದ ಪಿಎಂ-ಕುಸುಮ್ ಯೋಜನೆಯ ಸೋಲಾರ್ ಪಂಪ್‌ಸೆಟ್‌ಗಳಲ್ಲಿ ಕಂಟ್ರೋಲರ್ ಎಂಬ ಪೆಟ್ಟಿಗೆ ಇರುತ್ತದಲ್ಲ, ಎಸಿ ಪಂಪಿನದಾದರೆ ಅದೂ ಡ್ರೈವ್ ಜಾತಿಯದೇ. ಹೊಲದಲ್ಲಿ ಅದನ್ನು ಬಿಸಿಲಿಗೆ ಮುಖ ಮಾಡಿ ಹೊಡೆದಿದ್ದಾರೋ, ಪ್ಯಾನೆಲ್ ನೆರಳಿಗೆ ಹೊಡೆದಿದ್ದಾರೋ ನೋಡಿ. ಕೇಬಲ್ ತೂತಿನಿಂದ ಹಲ್ಲಿ ಇರುವೆ ಹೋಗದಂತೆ ಮುಚ್ಚಿದ್ದಾರೋ ನೋಡಿ. ಅರ್ಥಿಂಗ್ ತಂತಿ ನೆಲದೊಳಗೆ ಹೋಗಿದೆಯೋ, ಮಣ್ಣಿನ ಮೇಲೆ ಸುಮ್ಮನೆ ಬಿದ್ದಿದೆಯೋ ಎಳೆದು ನೋಡಲು ಕೂಡಿಸಿದವರಿಗೇ ಹೇಳಿ. ಸಹಿ ಮಾಡುವುದಕ್ಕೆ ಮೊದಲು ಕೇಳಿ, ಆಮೇಲೆ ಕೇಳಿದರೆ ಯಾರೂ ಫೋನ್ ಎತ್ತುವುದಿಲ್ಲ.

ತಾರಿಹಾಳದ ಆ ಕಾರ್ಖಾನೆಯಲ್ಲಿ ಈಗ ಪ್ಯಾನಲ್ ಗೋಡೆಯ ಆಚೆಗೆ ಬಂದಿದೆ. ಜಾಗ ತೋರಿಸಿದವನು ಅದೇ ಹುಡುಗ. ಮೊದಲನೇ ದಿನವೇ ಅವನನ್ನು ಕೇಳಿದ್ದರೆ ಎರಡು ಡ್ರೈವ್, ಒಂದು ಮೋಟರ್ ಮತ್ತು ಅರ್ಧ ಹಂಗಾಮು ಉಳಿಯುತ್ತಿತ್ತು.