ಸಂಜೆಯ ಬೆಲೆ

‘ಅಗ್ಗದ ಆಸೆಗೆ ಮುಗ್ಗಿದ ಜೋಳ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಗಾದೆ ಒಳ್ಳೆಯದೇ. ಮುಗ್ಗಿದ ಜೋಳವನ್ನು ಯಾರೂ ಕೊಳ್ಳಬಾರದು. ಅಗ್ಗವೆಂದು ಕೊಳ್ಳಬಾರದು, ಪುಕ್ಕಟೆ ಕೊಟ್ಟರೂ ತರಬಾರದು. ಆದರೆ ಗಾದೆಯೊಂದನ್ನು ಅದು ಹುಟ್ಟಿದ ಜಾಗದಿಂದ ಕಿತ್ತು ಎಲ್ಲ ಕಡೆಗೂ ಅಂಟಿಸಹೊರಟರೆ ಅದು ವಿವೇಕವಾಗಿ ಉಳಿಯುವುದಿಲ್ಲ, ಸೋಗಾಗುತ್ತದೆ. ಅಂಗಡಿ ಮುಚ್ಚುವ ಹೊತ್ತಿಗೆ ಬೆಲೆ ಇಳಿದ ಪದಾರ್ಥವನ್ನು ಕೊಳ್ಳುವವರ ಮೇಲೆ ನಮ್ಮ ಸಭ್ಯ ಸಮಾಜ ಈ ಗಾದೆಯನ್ನು ಎಸೆಯುತ್ತದೆ. ದೊಡ್ಡ ಅಂಗಡಿಗಳವರೋ, ಅದೇ ಗಾದೆಯ ಮರೆಯಲ್ಲಿ ನಿಂತು, ತಿನ್ನಲು ಯೋಗ್ಯವಾದುದನ್ನು ತಿಪ್ಪೆಗೆ ಸುರಿಯುತ್ತಾರೆ. ಈ ಎರಡು ಪಕ್ಷದವರೊಡನೆಯೂ ನನ್ನ ಜಗಳವಿದೆ.

ಸಂಜೆಗೆ ಬೆಲೆ ಇಳಿಯುವುದು ಹೊಸ ಸಂಗತಿಯೇನಲ್ಲ. ನಮ್ಮ ಸಂತೆಗಳಲ್ಲಿ ಬೋಣಿಯ ಹೊತ್ತಿಗೆ ಒಂದು ಬೆಲೆ, ಬಿಸಿಲೇರಿದ ಮೇಲೆ ಒಂದು ಬೆಲೆ, ದೀಪ ಹಚ್ಚುವ ಹೊತ್ತಿಗೆ ಮತ್ತೊಂದು. ಬದನೆಕಾಯಿಯ ಎರಡು ಗುಡ್ಡೆಗಳು ಹೊತ್ತು ಮುಳುಗಿದ ಮೇಲೆ ಒಂದೇ ಗುಡ್ಡೆಯಾಗುತ್ತವೆ. ಸೊಪ್ಪು ಮಾರುವಾಕೆ ಉಳಿದ ಎರಡು ಕಟ್ಟನ್ನು ಒಂದರ ಬೆಲೆಗೆ ಕೊಟ್ಟು, ಮೇಲೆ ನಾಲ್ಕೆಸಳು ಕರಿಬೇವನ್ನು ಕೊಸರು ಹಾಕುತ್ತಾಳೆ. ಇದು ಆಕೆಯ ಔದಾರ್ಯವಲ್ಲ, ಲೆಕ್ಕಾಚಾರ. ಸೊಪ್ಪು ನಾಳೆಗೆ ಬಾಡುತ್ತದೆ. ಮನೆಗೆ ಹೊತ್ತುಕೊಂಡು ಹೋದರೆ ಬಸ್ಸಿನ ಲಗೇಜು ದಂಡ. ಬಂದಷ್ಟು ಬರಲಿ ಎಂದು ಕೊಡುತ್ತಾಳೆ. ಬೆಳಗ್ಗೆ ಬಂದ ಗಿರಾಕಿ ಎಳೆಯದನ್ನು ಆರಿಸಿಕೊಂಡು ಹೋದ. ಆ ಆಯ್ಕೆಗೆ ಅವನು ಹಣ ಕೊಟ್ಟ. ಸಂಜೆಯವನು ಉಳಿದದ್ದನ್ನು ಒಯ್ದ. ಆಯ್ಕೆ ಇಲ್ಲದ್ದಕ್ಕೆ ಕಡಿಮೆ ಕೊಟ್ಟ. ಇಬ್ಬರಿಗೂ ಮೋಸವಾಗಲಿಲ್ಲ.

ಈ ಏರ್ಪಾಡಿನಲ್ಲಿ ಇನ್ನೊಂದು ನ್ಯಾಯವಿತ್ತು. ದಿನಗೂಲಿಯವನ ಕೈಗೆ ದುಡ್ಡು ಬರುವುದೇ ಸಂಜೆ. ಗಾರೆ ಕೆಲಸದವನಾಗಲಿ, ಮೂಟೆ ಹೊರುವವನಾಗಲಿ, ಆ ದಿನದ ಕೂಲಿಯನ್ನು ಎಣಿಸಿಕೊಂಡು ಹೊರಟಾಗ ಸೂರ್ಯ ಮುಳುಗಿರುತ್ತಾನೆ. ಬೆಳಗಿನ ಸಂತೆ ಅವನಿಗೆ ಇಲ್ಲವೇ ಇಲ್ಲ. ದುಡ್ಡು ಕಡಿಮೆ ಇರುವವನು ಮಾರುಕಟ್ಟೆಗೆ ಬರುವ ಹೊತ್ತೂ, ಮಾಲಿನ ಬೆಲೆ ಇಳಿಯುವ ಹೊತ್ತೂ ಒಂದೇ ಆಗಿದ್ದುದು ಯಾವ ಶಾಸನದಿಂದಲೂ ಆದದ್ದಲ್ಲ. ಆದರೆ ಎಷ್ಟೋ ಮನೆಗಳ ಒಲೆ ಉರಿದದ್ದು ಅದರಿಂದ.

ಈಗ ನಮ್ಮ ನಗರಗಳ ಸೂಪರ್‌ಮಾರ್ಕೆಟ್ಟಿಗೆ ಬನ್ನಿ. ಬೆಳಗ್ಗೆ ಎಂಟಕ್ಕೆ ಯಾವ ಬೆಲೆಯೋ ರಾತ್ರಿ ಒಂಬತ್ತೂವರೆಗೂ ಅದೇ. ತಣ್ಣನೆಯ ಗಾಳಿ, ಬೆಳ್ಳನೆಯ ದೀಪ. ಅಲ್ಲಿ ಹೊತ್ತು ಹೋದದ್ದೇ ತಿಳಿಯುವುದಿಲ್ಲ, ಬೆಲೆಗೂ ತಿಳಿಯುವುದಿಲ್ಲ. ನಮ್ಮ ಬಡಾವಣೆಯ ಇಂಥದೊಂದು ಅಂಗಡಿಯಲ್ಲಿ, ಬಾಗಿಲು ಎಳೆಯುವ ಸಮಯಕ್ಕೆ, ಸಮವಸ್ತ್ರದ ಹುಡುಗನೊಬ್ಬ ಏಲಕ್ಕಿ ಬಾಳೆಯ ಚಿಪ್ಪುಗಳನ್ನು ಕಸದ ಚೀಲಕ್ಕೆ ತುಂಬುತ್ತಿದ್ದ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಿದ್ದಿತ್ತು, ಅಷ್ಟೆ. ಚುಕ್ಕೆ ಬಿದ್ದ ಏಲಕ್ಕಿ ಬಾಳೆ ಕೆಟ್ಟದ್ದಲ್ಲ, ಹದವಾಗಿ ಕಳಿತದ್ದು ಎಂದು ನಮ್ಮಲ್ಲಿ ಐದು ವರ್ಷದ ಮಗುವೂ ಹೇಳೀತು.

“ಇದನ್ನು ಅರ್ಧ ಬೆಲೆಗೆ ಕೊಡಬಾರದೇನಪ್ಪ?” ಎಂದೆ.

“ಬಿಲ್ ಆಗಲ್ಲ ಸಾರ್. ಸಿಸ್ಟಮ್‌ನಲ್ಲಿ ಒಂದೇ ರೇಟು.”

“ಹಾಗಾದರೆ ಎಸೆಯುವುದೇಕೆ? ನೀನೇ ಮನೆಗೆ ಒಯ್ಯಿ.”

“ಬಾಗಿಲಲ್ಲಿ ಬ್ಯಾಗ್ ನೋಡ್ತಾರೆ ಸಾರ್. ಸಿಕ್ಕಿದ್ರೆ ಕೆಲಸ ಹೋಗುತ್ತೆ.”

ಹುಡುಗನ ತಪ್ಪಿಲ್ಲ, ಅವನ ಮೇಲಿನ ಮ್ಯಾನೇಜರನದೂ ಇಲ್ಲದಿರಬಹುದು. ಬೀದಿಯ ಬದಿಯಲ್ಲಿ ಗೋಣಿತಟ್ಟು ಹಾಸಿ ಕುಳಿತ ಹೆಂಗಸಿಗೆ ತನ್ನ ಮಾಲಿನ ಬೆಲೆಯನ್ನು ಇಳಿಸುವ ಅಧಿಕಾರವಿದೆ. ಲಕ್ಷಾಂತರ ರೂಪಾಯಿ ವಹಿವಾಟಿನ ಅಂಗಡಿಯನ್ನು ನೋಡಿಕೊಳ್ಳುವವನಿಗೆ ಒಂದು ಚಿಪ್ಪು ಬಾಳೆಯ ಬೆಲೆಯನ್ನು ಇಳಿಸುವ ಅಧಿಕಾರವಿಲ್ಲ. ಇದನ್ನು ನಾವು ವ್ಯಾಪಾರದ ಪ್ರಗತಿ ಎಂದು ಕರೆಯುತ್ತಿದ್ದೇವೆ! ಕೆಲವು ಅಂಗಡಿಗಳು ತಾರೀಖು ಹತ್ತಿರವಾದ ಬ್ರೆಡ್ಡು, ಮೊಸರುಗಳಿಗೆ ಬೆಲೆ ಇಳಿಸುವುದುಂಟು, ಇಲ್ಲವೆನ್ನುವುದಿಲ್ಲ. ಆದರೆ ಅವನ್ನು ಇಡುವುದೆಲ್ಲಿ? ಯಾವುದೋ ಮೂಲೆಯಲ್ಲಿ, ಫಿನಾಯಿಲ್ ಬಾಟಲಿಗಳ ಪಕ್ಕದಲ್ಲಿ. ಕೊಳ್ಳುವವನಿಗೆ ತಾನೇನೋ ಕದಿಯಲು ಬಂದಿದ್ದೇನೆ ಎನ್ನಿಸುವಂತೆ.

ಬೆಲೆ ಏಕೆ ಇಳಿಸುವುದಿಲ್ಲವೆಂದು ಕೇಳಿದರೆ ವರ್ತಕರ ಮೊದಲ ಉತ್ತರ: “ಜನ ಸಂಜೆಯವರೆಗೆ ಕಾಯುತ್ತಾರೆ; ಪೂರ್ತಿ ಬೆಲೆಗೆ ಯಾರೂ ಕೊಳ್ಳುವುದಿಲ್ಲ.” ಇದು ನಿಜವಾಗಿದ್ದರೆ ನಮ್ಮ ಸಂತೆಗಳೆಲ್ಲ ಎಂದೋ ಮುಚ್ಚಿಹೋಗಬೇಕಾಗಿತ್ತು. ಬೆಳಗಿನ ಅಡಿಗೆಗೆ ಸೊಪ್ಪು ಬೇಕಾದವಳು ಸಂಜೆಯವರೆಗೆ ಕಾಯುವಳೆ? ಕಾದರೆ ತನಗೆ ಬೇಕಾದದ್ದು ಉಳಿದೀತೆಂಬ ಭರವಸೆ ಯಾರಿಗಿದೆ? ಕಾಯುವ ಕಷ್ಟ, ಸಿಗದೆ ಹೋಗುವ ಭಯ—ಇವೂ ಒಂದು ಬೆಲೆಯೇ. ಸಂಜೆಯ ಗಿರಾಕಿ ಅದನ್ನು ತೆತ್ತಿರುತ್ತಾನೆ.

ಇನ್ನು ಇಂಗ್ಲೆಂಡನ್ನು ನೋಡಿ. ಅಲ್ಲಿಗೆ ಓದಲು ಹೋದ ನಮ್ಮ ಮನೆಗಳ ಹುಡುಗರು ಮೊದಲ ತಿಂಗಳಲ್ಲಿಯೇ ಕಲಿಯುವ ವಿದ್ಯೆಯೆಂದರೆ ಹಳದಿ ಚೀಟಿಯ ವಿದ್ಯೆ. ಸೂಪರ್‌ಮಾರ್ಕೆಟ್ಟಿನ ನೌಕರ ಸಂಜೆ ಬಂದು, ಅಂದಿಗೆ ಅವಧಿ ಮುಗಿಯುವ ಪದಾರ್ಥಗಳಿಗೆ ಇಳಿಸಿದ ಬೆಲೆಯ ಹಳದಿ ಚೀಟಿ ಅಂಟಿಸುತ್ತಾನೆ. ಹೊತ್ತು ಹೋದಂತೆ ಮತ್ತಷ್ಟು ಇಳಿಸುತ್ತಾನೆ. ಅದರಿಂದ ಅಲ್ಲಿನ ಅಂಗಡಿಗಳು ದಿವಾಳಿಯಾಗಿಲ್ಲ. ನನಗೆ ಸೋಜಿಗವೆಂದರೆ ಇದೇ ಹುಡುಗರು ಊರಿಗೆ ಮರಳಿದ ಮೇಲೆ, ತಾಯಿ ಬಾಡಿದ ಸೊಪ್ಪಿಗೆ ಚೌಕಾಸಿ ಮಾಡಿದರೆ, “ಏನಮ್ಮಾ ಇದು, ಮಾನ ಹೋಗುತ್ತೆ” ಎನ್ನುವುದು. ಅಲ್ಲಿ ಜಾಣತನವಾದದ್ದು ಇಲ್ಲಿ ಅವಮಾನ ಹೇಗಾಯಿತು?

ಬೆಲೆ ಇಳಿಸಲು ಬಿಡದಿರುವುದರಿಂದ ನಷ್ಟ ಯಾರ ತಲೆಗೆ ಬೀಳುತ್ತದೆಂಬುದಕ್ಕೆ ಜಪಾನಿನಲ್ಲಿ ಒಳ್ಳೆಯ ನಿದರ್ಶನವಿದೆ. ಅಲ್ಲಿ ಸೆವೆನ್-ಇಲೆವೆನ್ ಸಂಸ್ಥೆಯ ಹೆಸರಿನಲ್ಲಿ ಸಾವಿರಾರು ಸಣ್ಣ ವರ್ತಕರು ಅಂಗಡಿ ನಡೆಸುತ್ತಾರೆ. ಅವಧಿ ಮುಗಿಯುತ್ತ ಬಂದ ಊಟದ ಡಬ್ಬಿಗಳ ಬೆಲೆಯನ್ನು ಅವರು ಇಳಿಸಹೊರಟರೆ ಸಂಸ್ಥೆಯ ಕೇಂದ್ರ ಕಚೇರಿ ತಡೆಯುತ್ತಿತ್ತು. ಎಸೆದ ಮಾಲಿನ ನಷ್ಟವನ್ನು ಮಾತ್ರ ಬಹುಮಟ್ಟಿಗೆ ಅಂಗಡಿಯವರೇ ಹೊರಬೇಕಾಗಿತ್ತು. 2009ರ ಜೂನಿನಲ್ಲಿ ಆ ದೇಶದ ನ್ಯಾಯಯುತ ವ್ಯಾಪಾರ ಆಯೋಗ ಈ ತಡೆಯನ್ನು ನಿಲ್ಲಿಸಬೇಕೆಂದು ಆಜ್ಞೆ ಮಾಡಿತು. ‘ಒಂದೇ ಬೆಲೆ’ ಎಂಬ ಶಿಸ್ತು ಗಿರಾಕಿಯ ಹಿತಕ್ಕೂ ಅಲ್ಲ, ಅಂಗಡಿಯವನ ಹಿತಕ್ಕೂ ಅಲ್ಲ, ದೂರದಲ್ಲಿ ಕುಳಿತ ಯಜಮಾನನ ಹೆಸರಿನ ಹೊಳಪಿಗಾಗಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಎರಡನೆಯ ಆಕ್ಷೇಪಣೆ ಆರೋಗ್ಯದ್ದು. ಹಳಸಿದ್ದನ್ನು ಬಡವರಿಗೆ ತಿನ್ನಿಸಬೇಕೆ ಎಂದು ಕೆಲವರು ಕರುಣೆಯಿಂದಲೇ ಕೇಳುತ್ತಾರೆ. ಯಾರಿಗೂ ತಿನ್ನಿಸಬೇಡಿ. ಪೊಟ್ಟಣದ ಮೇಲಿನ ತಾರೀಖುಗಳಲ್ಲಿ ಎರಡು ಜಾತಿ. ‘ಇಂಥ ದಿನದೊಳಗೆ ಬಳಸಿ’ ಎಂಬುದು ಸುರಕ್ಷತೆಯ ಗೆರೆ. ಅದನ್ನು ದಾಟಿದ್ದನ್ನು ಮಾರುವಂತಿಲ್ಲ, ಮಾರಬೇಕೆಂದು ನಾನೂ ಕೇಳುತ್ತಿಲ್ಲ. ‘ಇಂಥ ದಿನದವರೆಗೆ ಉತ್ತಮ’ ಎಂಬುದು ರುಚಿಯ, ಗರಿಗರಿತನದ ಭರವಸೆ. ಎರಡನ್ನೂ ಒಂದೇ ಎಂದು ತಿಳಿದು ಎಸೆಯುವವರು ಬಹಳ. ನಾನು ಹೇಳುತ್ತಿರುವುದು ಗೆರೆ ದಾಟುವ ಮುಂಚಿನ ಮಾತು: ನಾಳೆಗೆ ಅವಧಿ ಮುಗಿಯುವ ಮೊಸರು ಇಂದು ರಾತ್ರಿ ಒಳ್ಳೆಯ ಮೊಸರೇ. ತುಸು ಹುಳಿಯಾಗಿದ್ದರೆ ಮಜ್ಜಿಗೆಹುಳಿಗೆ ಮೇಲು. ಮೆತ್ತಗಾದ ಟೊಮೇಟೊ ಸಾರಿಗೆ ಬರುತ್ತದೆ. ಬಾಡಿದ ದಂಟು ಬಸ್ಸಾರಿಗೆ ಬರುತ್ತದೆ. ನಮ್ಮ ಅಡಿಗೆಯ ಅರ್ಧ ಜಾಣ್ಮೆ ಇಂಥ ಪದಾರ್ಥಗಳಿಂದಲೇ ಹುಟ್ಟಿದ್ದು. ಮೀನು, ಮಾಂಸ, ಹೆಚ್ಚಿಟ್ಟ ಹಣ್ಣು, ಕೆನೆಯ ಕೇಕು—ಇವುಗಳಲ್ಲಿ ಎಚ್ಚರ ಬೇಕು, ನಿಜ. ಬೂಷ್ಟು ಹಿಡಿದ ಬ್ರೆಡ್ಡು ತಿಪ್ಪೆಗೇ ಸಲ್ಲಬೇಕು, ಅದೂ ನಿಜ. ಬಿಡಿ ಮಿಠಾಯಿ ಮಾರುವವರೂ ತಟ್ಟೆಯ ಮುಂದೆ ‘ಇಷ್ಟು ದಿನದವರೆಗೆ ಉತ್ತಮ’ ಎಂಬ ಚೀಟಿ ಇಡಬೇಕೆಂದು 2020ರ ಅಕ್ಟೋಬರಿನಿಂದ ನಿಯಮವಾಯಿತು. ತಾರೀಖು ತೋರಿಸುವುದು ಸಾಧ್ಯವಾದರೆ, ತಾರೀಖು ಹತ್ತಿರವಾದಂತೆ ಬೆಲೆ ಇಳಿಸುವುದು ಏಕೆ ಅಸಾಧ್ಯ? ಪೊಟ್ಟಣದ ಮೇಲೆ ಅಚ್ಚಾಗಿರುವುದು ಗರಿಷ್ಠ ಬೆಲೆ. ಅದಕ್ಕಿಂತ ಹೆಚ್ಚಿಗೆ ಮಾರಕೂಡದೆಂದು ಕಾನೂನು ಹೇಳುತ್ತದೆಯೇ ಹೊರತು ಕಡಿಮೆಗೆ ಮಾರಬೇಡವೆಂದಲ್ಲ.

ಮೂರನೆಯವರು ದಾನದ ಪಕ್ಷದವರು. “ಮಾರುವುದೇಕೆ, ಅನಾಥಾಶ್ರಮಕ್ಕೆ ಕೊಟ್ಟುಬಿಡಿ” ಎನ್ನುತ್ತಾರೆ. ಕೊಡುವುದು ಒಳ್ಳೆಯದು. ಫ್ರಾನ್ಸಿನಲ್ಲಿ 2016ರ ಫೆಬ್ರುವರಿಯಲ್ಲಿ ಬಂದ ಕಾನೂನಿನಂತೆ 400 ಚದರ ಮೀಟರಿಗಿಂತ ದೊಡ್ಡ ಆಹಾರದ ಅಂಗಡಿಗಳು, ಉಳಿದ ಆಹಾರವನ್ನು ದತ್ತಿ ಸಂಸ್ಥೆಗಳಿಗೆ ಕೊಡುವ ಒಪ್ಪಂದ ಮಾಡಿಕೊಳ್ಳಬೇಕು. ತಿನ್ನಬಹುದಾದುದನ್ನು ಬೇಕೆಂದೇ ತಿನ್ನಲಾಗದಂತೆ ಕೆಡಿಸಿದರೆ ದಂಡ. ಕಸದ ತೊಟ್ಟಿಯಿಂದ ಹಸಿದವರು ಎತ್ತಿಕೊಳ್ಳದಿರಲೆಂದು ಬಿಳುಪಿನ ರಾಸಾಯನಿಕ ಸುರಿಯುತ್ತಿದ್ದವರಿದ್ದರು. ಆದ್ದರಿಂದ ಹಾಗೆ ಬರೆಯಬೇಕಾಯಿತು. ನಮ್ಮಲ್ಲಿಯೂ ಉಳಿದ ಆಹಾರದ ಸಂಗ್ರಹಣೆ, ಹಂಚಿಕೆಗಳಿಗೆ 2019ರಲ್ಲಿ ನಿಯಮಾವಳಿ ಬಂದಿದೆ. ಎಲ್ಲವೂ ಸರಿ. ಆದರೆ ದಾನಕ್ಕಿಂತ ಮೊದಲಿನ ಮೆಟ್ಟಿಲೊಂದಿದೆ. ಅದನ್ನು ಏಕೆ ಹಾರಬೇಕು? ಜೇಬಿನಲ್ಲಿ ಇಪ್ಪತ್ತು ರೂಪಾಯಿ ಇರುವವನು ಭಿಕ್ಷುಕನಲ್ಲ, ಗಿರಾಕಿ. ನಲವತ್ತರ ಬ್ರೆಡ್ಡು ಇಪ್ಪತ್ತಕ್ಕೆ ಸಿಕ್ಕಿದರೆ ಅವನು ದುಡ್ಡು ಕೊಟ್ಟು, ಬಿಲ್ಲು ಪಡೆದು, ತಲೆಯೆತ್ತಿ ಮನೆಗೆ ಹೋಗುತ್ತಾನೆ. ಅದೇ ಬ್ರೆಡ್ಡನ್ನು ಪುಕ್ಕಟೆ ಪಡೆಯಲು ಸಾಲಿನಲ್ಲಿ ನಿಲ್ಲಿಸಿ, ಹಂಚುವವರ ಜೊತೆ ಭಾವಚಿತ್ರಕ್ಕೂ ನಿಲ್ಲಿಸಿದರೆ ಅವನ ಹೊಟ್ಟೆ ತುಂಬೀತು, ಮನಸ್ಸು ಮುರಿದೀತು. ಮೊದಲು ಬೆಲೆ ಇಳಿಯಲಿ; ಆಗಲೂ ಉಳಿದದ್ದು ದಾನಕ್ಕೆ ಹೋಗಲಿ.

ಗಿರಾಕಿಗಳಾದ ನಮಗೂ ಒಂದು ಮಾತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಪ್ರಕಟಿಸಿದ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಪೋಲಾದ ಆಹಾರ ಸುಮಾರು 105 ಕೋಟಿ ಟನ್ನು. ಅದರಲ್ಲಿ ಅಂಗಡಿಗಳ ಪಾಲು ಶೇಕಡ 12. ಮನೆಗಳ ಪಾಲು ಶೇಕಡ 60. ಇದನ್ನು ಹಿಡಿದು “ನೋಡಿ, ತಪ್ಪು ನಿಮ್ಮದೇ” ಎಂದು ವರ್ತಕರು ಹೇಳಬಹುದು. ಹೌದು, ನಮ್ಮದೂ ಇದೆ. ಆದರೆ ‘ಒಂದು ಕೊಂಡರೆ ಒಂದು ಉಚಿತ’ ಎಂಬ ಫಲಕವನ್ನು ತೂಗುಹಾಕಿದವರು ಯಾರು? ಅವಧಿ ಮುಗಿಯುತ್ತ ಬಂದ ಎರಡು ಪೊಟ್ಟಣಗಳನ್ನು ಒಬ್ಬನ ತಲೆಗೆ ಕಟ್ಟಿದರೆ, ಅಂಗಡಿಯ ಕಸ ಅವನ ಮನೆಯ ಕಸವಾಗುತ್ತದೆ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಅದು ಮಾರಾಟ. ಒಂದೇ ಪೊಟ್ಟಣದ ಬೆಲೆಯನ್ನು ಅರ್ಧ ಮಾಡಿದ್ದರೆ ಇಬ್ಬರ ಮನೆಗಳಲ್ಲಿ ಊಟವಾಗುತ್ತಿತ್ತು. ಅಂಥ ಕಡೆ, ಅಗ್ಗವೆಂಬ ಒಂದೇ ಕಾರಣಕ್ಕೆ ಚೀಲ ತುಂಬಿಕೊಂಡು ಹೋಗಿ ತಂಗಳುಪೆಟ್ಟಿಗೆಯಲ್ಲಿ ಕೊಳೆಸುವವರಿಗೆ ಮುಗ್ಗಿದ ಜೋಳದ ಗಾದೆಯನ್ನು ಧಾರಾಳವಾಗಿ ಹೇಳಿ, ನನ್ನ ಅಭ್ಯಂತರವಿಲ್ಲ.

ಬೆಂಗಳೂರಿನಂಥ ಊರುಗಳಲ್ಲಿ ಈಗ ಹತ್ತೇ ನಿಮಿಷದಲ್ಲಿ ಮನೆಬಾಗಿಲಿಗೆ ಸಾಮಾನು ತಂದುಕೊಡುವ ವ್ಯಾಪಾರ ಬೆಳೆದಿದೆ. ಆ ಉಗ್ರಾಣಗಳೊಳಕ್ಕೆ ಗಿರಾಕಿಗೆ ಪ್ರವೇಶವೇ ಇಲ್ಲ. ಅಲ್ಲಿ ಏನು ಉಳಿಯಿತು, ಏನು ಕೊಳೆಯಿತು ಎಂದು ಕೇಳುವ ಕಣ್ಣೂ ಇಲ್ಲ. ನಾಳೆ ಎಲ್ಲ ವ್ಯಾಪಾರವೂ ಹೀಗೆಯೇ ಆಗುವ ಮುಂಚೆ, ಕಣ್ಣಿಗೆ ಕಾಣುವ ಅಂಗಡಿಗಳಲ್ಲಾದರೂ ಒಂದು ಪದ್ಧತಿಯನ್ನು ನೆಲೆಗೊಳಿಸುವುದು ಒಳ್ಳೆಯದು.

ನಾನು ಕೇಳುವುದು ಐದು. ಮುಚ್ಚುವುದಕ್ಕೆ ಎರಡು ಗಂಟೆ ಮುಂಚೆ ಬೆಲೆ ಇಳಿಯುತ್ತದೆಂದು ಬಾಗಿಲಲ್ಲಿಯೇ ಬರೆದು ಹಾಕಲಿ. ಕೂಲಿ ಮುಗಿಸಿ ಬರುವವನಿಗೆ ಗೊತ್ತಾಗಲಿ. ಇಳಿಸಿದ ಬೆಲೆ ಒಂದೊಂದು ಪೊಟ್ಟಣಕ್ಕೂ ಇರಲಿ, ಜೋಡಿಗಲ್ಲ. ಚೀಟಿ ತಾರೀಖನ್ನು ಮುಚ್ಚದಿರಲಿ. ಆ ಸಾಮಾನುಗಳನ್ನು ಮೂಲೆಯಿಂದ ತಂದು ಎದುರಿನ ಸಾಲಿನಲ್ಲಿಡಲಿ. ಆಮೇಲೂ ಉಳಿದದ್ದನ್ನು ಮೊದಲು ಕೆಲಸದ ಹುಡುಗರಿಗೆ, ಅನಂತರ ಬೇಕಾದವರಿಗೆ ಕೊಡಲಿ. ಇದಕ್ಕೆ ಸರ್ಕಾರದ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ಎರಡನೆಯ ಬೆಲೆಯೊಂದನ್ನು ಬರೆಯುವಷ್ಟು ಮನಸ್ಸು ಸಾಕು. ಒಂದು ತಿಂಗಳು ಹೀಗೆ ನಡೆಸಿ ನೋಡಲಿ. ಅಂಗಡಿ ಮುಳುಗಿತೋ, ಕಸದ ಚೀಲ ಹಗುರವಾಯಿತೋ, ಲೆಕ್ಕ ಅವರ ಕೈಯಲ್ಲಿಯೇ ಇರುತ್ತದೆ. ಅದನ್ನು ಗಿರಾಕಿಗಳ ಮುಂದಿಡಲಿ.